ಎಂಟ್ರಿ ಯಾವುದು, ಎಕ್ಸಿಟ್ ಯಾವುದು?

ನಮ್ಮ ಚಿಕ್ಕಪ್ಪನಿಗೆ ನಾಚಿಕೆ ಎಂಬುದನ್ನು ದೇವರು ಕೊಟ್ಟೇ ಇಲ್ಲ. ಮರೆತು ಬಿಟ್ಟಿದ್ದಾನೆ ಎಂದುಕೊಳ್ಳಬೇಡಿ. ಅವರ ಪಾಲಿನದನ್ನೂ ತೂಗಿ, ನನ್ನ ಪಾಲಿಗೆ ಸೇರಿಸಿ, ಮೇಲೆ ಕೊಸರೆಂದು ಇನ್ನೊಂದು ಹಿಡಿ ಹಾಕಿ ನನಗೇ ಕೊಟ್ಟುಬಿಟ್ಟಿದ್ದಾನೆ! ಹಾಗಾಗಿ ಬಸ್ಸಿನಲ್ಲಿ ಬಾಯಿ ಬಿಡುವವರು ಅವರು, ಕಿವಿ ಕೆಂಪಾಗುವುದು ನನ್ನದು.

ಬಾರದ ಇಂಗ್ಲಿಷನ್ನು ಬರುತ್ತದೆಂದು ನಟಿಸುವುದು ಲೋಕರೂಢಿ. ಬ್ಯಾಂಕಿನಲ್ಲಿ, ಡಾಕ್ಟರ ಮುಂದೆ, ಬೀಗರ ಮುಂದೆ ನಾವೆಲ್ಲ ಅಷ್ಟಿಷ್ಟು ನಟಿಸಿದವರೇ. ಆದರೆ ಬರುವ ಇಂಗ್ಲಿಷನ್ನು ಬಾರದೆಂದು ನಟಿಸುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಾಣಬೇಕಾದರೆ ಚಿಂತಾಮಣಿ ಬಸ್‌ಸ್ಟ್ಯಾಂಡಿಗೆ ಬನ್ನಿ. ಹೆಗಲ ಮೇಲೆ ಕೆಂಪಂಚಿನ ಟವೆಲು, ಕೈಯಲ್ಲಿ ವೈರಿನ ಬ್ಯಾಗು, ಪಕ್ಕದಲ್ಲಿ ತುಟಿ ಬಿಚ್ಚದ ಹೆಂಡತಿ. ಅವರೇ ನಮ್ಮ ಚಿಕ್ಕಪ್ಪ.

ಸರ್ಕಾರಿ ಕಚೇರಿಯಲ್ಲಿ ಇಡೀ ಸರ್ವೀಸು ಇಂಗ್ಲಿಷ್ ಪತ್ರಗಳ ಕರಡು ಬರೆದೇ ಕಳೆದವರು ಅವರು. ಸಾಹೇಬರು ಸಹಿ ಮಾತ್ರ ಹಾಕುತ್ತಿದ್ದರಂತೆ. ನನ್ನ ಮೊದಲ ರಜೆ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆಸಿದವರೂ ಅವರೇ. ಜ್ವರ ಇರಲಿಲ್ಲ, ಇಂಗ್ಲಿಷ್ ಮಾತ್ರ ಚೆನ್ನಾಗಿತ್ತು! ನಾನು ಇವತ್ತು ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದರೆ ಅದಕ್ಕೆ ಅವರೇ ಕಾರಣ. ಅಂಥವರು ನಿವೃತ್ತಿಯಾದ ಮೇಲೆ ಬಸ್ಸು ಹತ್ತಿ, ಪಕ್ಕದವರ ತೊಡೆ ತಟ್ಟಿ, ಇಡೀ ಬಸ್ಸಿಗೆ ಕೇಳುವಂತೆ "ಯಜಮಾನ್ರೇ, ಈ ಡೆಸ್ಟಿನೇಶನ್ ಅಂದ್ರೆ ಏನು?" ಎಂದು ಕೇಳಿದರೆ ಏನು ಮಾಡಬೇಕು? ಪಿಂಚಣಿಯ ಜೊತೆಗೆ ತಲೆಯ ಒಂದೆರಡು ತಿರುಪುಗಳನ್ನೂ ಸರ್ಕಾರ ಸಡಿಲ ಮಾಡಿ ಕಳಿಸಿದೆ ಎಂದು ನಾನು ತೀರ್ಮಾನಿಸಿದ್ದೆ.

ಇಲ್ಲಿ ಚಿಕ್ಕಮ್ಮನ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವರ ತವರು ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಹಳ್ಳಿ. ಮನೆಮಾತು ತೆಲುಗು, ಊರಮಾತು ಕನ್ನಡ, ಸಿಟ್ಟು ಬಂದಾಗ ಎರಡೂ. ಓದು ಅಷ್ಟಕ್ಕಷ್ಟೆ. ಬಸ್ಸಿನ ಬೋರ್ಡಿನ ಕನ್ನಡ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಬಲ್ಲರು. ಆದರೆ ಕೂಡಿಸಿ ಮುಗಿಸುವಷ್ಟರಲ್ಲಿ ಬಸ್ಸು ಊರು ದಾಟಿರುತ್ತದೆ! ಅವರಿಗಿರುವುದು ಒಬ್ಬಳೇ ಅಕ್ಕ. ಆಕೆಯನ್ನು ಕೊಟ್ಟಿರುವುದು ಗೌರಿಬಿದನೂರು ತಾಲ್ಲೂಕಿನಲ್ಲಿ, ಅಲೀಪುರದ ಪಕ್ಕದ ಹಳ್ಳಿಗೆ. ಆ ಅಕ್ಕನಿಗೆ ಮಂಡಿನೋವು, ಎದ್ದು ಓಡಾಡುವ ಹಾಗಿಲ್ಲ. ದಿನಾ ಸಂಜೆ ಫೋನು ಮಾಡಿ, "ಯಾವಾಗ ಬರ್ತೀಯೇ?" ಎಂದು ಕೇಳುತ್ತಾಳೆ. "ಇವರಿಗೆ ಬಿಡುವಾದಾಗ" ಎಂಬುದು ಚಿಕ್ಕಮ್ಮನ ಉತ್ತರ. ಅಕ್ಕನನ್ನು ನೋಡಬೇಕೆನಿಸಿದ ದಿನ ಎದ್ದು ಹೋಗುವ ಭಾಗ್ಯ ಆಕೆಗಿರಲಿಲ್ಲ.

ಮೊದಲೆಲ್ಲ ಹಾಗಿರಲಿಲ್ಲ, ಒಬ್ಬರೇ ಹೋಗಿ ಬರುತ್ತಿದ್ದರು. ಕೆಡಿಸಿದ್ದು ಬೆಂಗಳೂರಿನ ಒಂದು ಮದುವೆ. ವಾಪಸು ಬರುವಾಗ ಅಲ್ಲಿನ ದೊಡ್ಡ ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕಮ್ಮನನ್ನು ಕೂರಿಸಿ ಚಿಕ್ಕಪ್ಪ ನೀರು ತರಲು ಹೋದರು. ಅಷ್ಟರಲ್ಲಿ ಚಿಂತಾಮಣಿ ಬಸ್ಸು ಬೇರೆ ಪ್ಲಾಟ್‌ಫಾರಂನಲ್ಲಿ ಬರುತ್ತದೆಂದು ಯಾರೋ ಕೂಗಿದರು. ಚಿಕ್ಕಮ್ಮ ಪಕ್ಕದಲ್ಲಿದ್ದ ಹುಡುಗಿಯರನ್ನು, "ಪ್ಲಾಟ್‌ಫಾರಂ ಎಲ್ಲಮ್ಮಾ?" ಎಂದು ಕೇಳಿದರು. ಅವರು ನಿಂತಿದ್ದದ್ದೇ ಒಂದು ಪ್ಲಾಟ್‌ಫಾರಂ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕನೆ ನಕ್ಕರು. ಚಿಕ್ಕಮ್ಮ ಮತ್ತೆ ಯಾರನ್ನೂ ಕೇಳಲಿಲ್ಲ. ಜನ ಹೋಗುತ್ತಿದ್ದ ಕಡೆ ತಾವೂ ಹೋದರು. ಅದು ಎಕ್ಸಿಟ್! ಹೊರಗೆ ರಸ್ತೆ. ತಿರುಗಿ ಒಳಗೆ ಬರಲು ಹೋದರೆ ಕಾವಲಿನವನು ಬೋರ್ಡಿಗೆ ಕೋಲು ತಟ್ಟಿ, "ಇದು ಎಕ್ಸಿಟ್ಟು, ಎಂಟ್ರಿ ಕಡೆಯಿಂದ ಬಾರಮ್ಮ" ಎಂದು ಗದರಿದ. ಎಂಟ್ರಿ ಎಂದರೆ ಏನು, ಅದು ಯಾವ ಕಡೆ? ಕೇಳಲು ನಾಚಿಕೆ. ಮದುವೆಯ ತಾಂಬೂಲದ ಚೀಲ ಹಿಡಿದು ಗೇಟಿನ ಹೊರಗೆ ನಿಂತೇ ಇದ್ದರು. ಒಳಗೆ ಚಿಕ್ಕಪ್ಪ ನೀರಿನ ಬಾಟಲಿ ಹಿಡಿದು ಹುಚ್ಚರಂತೆ ಹುಡುಕುತ್ತಿದ್ದರು.

ಸಿಕ್ಕರು ಅನ್ನಿ. ಆದರೆ ನಮ್ಮ ಮನೆತನದ ಬಾಯಿ ಎಂಥದ್ದು! ನಾಮಕರಣ, ಗೃಹಪ್ರವೇಶ, ತಿಥಿ ಯಾವುದನ್ನೂ ಬಿಡಲಿಲ್ಲ. ಎಲೆ ಹಾಕಿದ ಕೂಡಲೇ ಯಾರಾದರೊಬ್ಬರು, "ಏನಮ್ಮಾ, ಊಟದ ಹಾಲ್ ಎಂಟ್ರಿ ಗೊತ್ತಾಯ್ತಾ?" ಎನ್ನುವುದು, ಉಳಿದವರು ಅನ್ನ ನೆತ್ತಿಗೇರುವಂತೆ ನಗುವುದು. ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಚಿಕ್ಕಮ್ಮನೂ ನಗುತ್ತಿದ್ದರು. ಆಮೇಲೆ ಒಬ್ಬರೇ ಬಸ್ಸು ಹತ್ತುವುದನ್ನೇ ಬಿಟ್ಟರು. ಹೆಂಗಸರಿಗೆ ಬಸ್ಸು ಫ್ರೀ ಆಗಿ, ಪಕ್ಕದ ಮನೆಯ ಹಲ್ಲಿಲ್ಲದ ಅಜ್ಜಿ ರಾಜ್ಯದ ದೇವರನ್ನೆಲ್ಲ ಮಾತಾಡಿಸಿಕೊಂಡು ಬಂದರೂ ನಮ್ಮ ಚಿಕ್ಕಮ್ಮ ಹೊಸ್ತಿಲು ದಾಟಲಿಲ್ಲ. "ನಂಗ್ಯಾಕಮ್ಮ ಬಸ್ಸು, ತಲೆ ಸುತ್ತುತ್ತೆ" ಎಂಬ ನೆಪ ಬೇರೆ!

ಆಕೆಗೆ ಯಾರಾದರೂ ಬಸ್ಸಿನ ಪಾಠ ಹೇಳಿಕೊಡಬಹುದಿತ್ತಲ್ಲ ಎನ್ನುತ್ತೀರಾ? ನಾನೇ ಹೋಗಿದ್ದೆ. ಇಂಗ್ಲಿಷ್ ಲೆಕ್ಚರರ್ ಅಲ್ಲವೇ! "ಚಿಕ್ಕಮ್ಮ, ಎಂಟ್ರಿ ಅಂದ್ರೆ..." ಎಂದು ಶುರು ಮಾಡುವಷ್ಟರಲ್ಲಿ ಆಕೆ ತಟ್ಟನೆ ಎದ್ದು, "ಈ ವಯಸ್ನಲ್ಲಿ ನಂಗೆ ಬಳಪ ಕೊಡ್ತೀಯೇನಮ್ಮ? ಒಲೆ ಮೇಲೆ ಹಾಲಿಟ್ಟಿದೀನಿ" ಎಂದು ಒಳಗೆ ಹೋದರು. ಒಲೆಯ ಮೇಲೆ ಹಾಲಿರಲಿಲ್ಲ. ನಾನು ಮತ್ತೆ ಆ ಮಾತೆತ್ತಲಿಲ್ಲ.

ಈಗ ಚಿಕ್ಕಪ್ಪನ ಕಡೆಗೆ ಬರೋಣ. ನಿವೃತ್ತಿಯಾದದ್ದೇ ತಡ, ಹೆಂಡತಿಯನ್ನು ಕರೆದುಕೊಂಡು ತಿಂಗಳಿಗೊಮ್ಮೆ ಆಕೆಯ ಅಕ್ಕನ ಊರಿಗೆ ಹೊರಡುವ ಪರಿಪಾಠ ಇಟ್ಟುಕೊಂಡರು. ಚಿಂತಾಮಣಿಯಿಂದ ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರ, ಅಲ್ಲಿ ಬಸ್ಸು ಬದಲಿಸಿ ಗೌರಿಬಿದನೂರು, ಅಲ್ಲಿಂದ ಷೇರ್ ಆಟೋ. ನಡುವೆ ನಮ್ಮ ಮನೆಯಲ್ಲಿ ಊಟ. ಊಟವಾದ ಮೇಲೆ, "ನಿಂಗೂ ರಜಾ ಅಲ್ವೇನಮ್ಮ, ಬಾ" ಎಂದು ನನ್ನನ್ನೂ ಎಳೆದುಕೊಂಡು ಹೋಗುವುದು. ಹಾಗೆ ಶುರುವಾಯಿತು ನನ್ನ ಮಾನದ ಹರಾಜು.

ಒಂದು ಸಲ ಚಿಂತಾಮಣಿಯಿಂದಲೇ ಜೊತೆಗೂಡಿದ್ದೆ. ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿಯುವುದು ನಿಮಗೆ ಗೊತ್ತಲ್ಲ. ಒಮ್ಮೆ ಸೀಟಿನ ಮೇಲೆ ಟವೆಲು ಬಿತ್ತೆಂದರೆ ಸಬ್‌ರಿಜಿಸ್ಟ್ರಾರ್ ಮೊಹರು ಬಿದ್ದ ಹಾಗೆ! ಚಿಕ್ಕಪ್ಪ ಟವೆಲು ಎಸೆದರು. ಅಷ್ಟಕ್ಕೇ ನಿಲ್ಲಿಸಬೇಕೋ ಬೇಡವೋ? ಕಿಟಕಿಯ ಒಳಗಿದ್ದವನಿಗೆ, "ಅಣ್ಣಾ, ಅದು ವಿಂಡೋ ಸೀಟಾ? ವಿಂಡೋ ಸೀಟು ಅಂದ್ರೆ ಕಿಟಕಿ ಪಕ್ಕದ್ದೇ ಅಲ್ವಾ? ಗಟ್ಟಿಯಾಗಿ ಹೇಳಪ್ಪ!" ಎಂದು ಕೂಗಿದರು. ಅವನು ಹೆದರಿ, "ಹೂಂ ಕಣ್ ಸಾಮಿ, ಕಿಟ್ಕಿ ಪಕ್ಕದ್ದೇ" ಎಂದು ಅದಕ್ಕಿಂತ ಗಟ್ಟಿಯಾಗಿ ಹೇಳಿದ.

ಬಸ್ಸು ಹೊರಟಿತು. ಚಿಕ್ಕಮ್ಮ ಎಂದಿನಂತೆ ಕಿಟಕಿಗೆ ಒರಗಿ, ತಲೆ ತುಂಬ ಸೆರಗು ಹೊದ್ದು ನಿದ್ದೆ ಹೋದರು. ಬಸ್ಸು ಹತ್ತಿದ ಕೂಡಲೇ ಆಕೆಗೆ ನಿದ್ದೆ! ಗಂಡನ ಅವತಾರ ನೋಡಲಾರದೆ ಹೀಗೆ ಮಾಡುತ್ತಾರೆ ಎಂದು ನನಗೆ ಕನಿಕರ. ನಾನು ಮೊಬೈಲಿನ ಹಿಂದೆ, ಅವರು ಸೆರಗಿನ ಹಿಂದೆ. ಅವಮಾನದಲ್ಲಿ ನಾವಿಬ್ಬರೂ ಪಾಲುದಾರರು ಎಂದುಕೊಂಡಿದ್ದೆ.

ಚಿಕ್ಕಪ್ಪ ಹಿಂದಿನ ಸೀಟಿಗೆ ತಿರುಗಿದರು. ಅಲ್ಲಿ ಖಾಲಿ ಟೊಮೆಟೊ ಕ್ರೇಟುಗಳ ನಡುವೆ ಒಬ್ಬ ಹೆಂಗಸು ಕೂತಿದ್ದಳು, ಮಾರ್ಕೆಟ್ಟಿಗೆ ಮಾಲು ಹಾಕಿ ವಾಪಸು ಹೊರಟವಳು.

"ಅಲ್ಲಮ್ಮಾ, ಕಿಟಕಿ ಮೇಲೆ ಕೆಂಪಗೆ ಏನೋ ಬರ್ದವ್ರಲ್ಲ, ಎಮರ್ಜೆನ್ಸಿ ಎಕ್ಸಿಟ್ಟು ಅಂತೆ. ಹಂಗಂದ್ರೇನು?" ಎಂದು ಕೇಳಿದರು.

"ಎಕ್ಸಿಟ್ಟು ಅಂದ್ರೆ ಆಚೆ ಹೋಗೋದು ಸಾಮಿ. ಏನಾನ ಆದ್ರೆ ಅದ್ನ ಒಡ್ಕೊಂಡು ಆಚೆ ಬೀಳ್ಬೇಕು."

"ಹಂಗಾರೆ ಬರೀ ಎಕ್ಸಿಟ್ಟು ಅಂದ್ರೆ ಆಚೆಗೆ ಹೋಗೋ ದಾರಿ. ಒಳಗೆ ಬರೋದಕ್ಕೆ?"

"ಒಳಿಕ್ ಬರಾದು ಎಂಟ್ರಿ. ಅಯ್ಯೋ ರಾಮಾ, ಇಷ್ಟೂ ತೆಲೀದಾ ನೀಕು?" ಎಂದು ಆಕೆ ತೆಲುಗಿಗೇ ಇಳಿದಳು.

"ತೆಲೀದಮ್ಮಾ. ಇನ್ನೊಂದ್ಸಲ ಹೇಳು. ಒಳಗೆ ಬರೋದು?"

"ಎಂಟ್ರಿ!"

"ಆಚೆ ಹೋಗೋದು?"

"ಎಕ್ಸಿಟ್ಟು!" ಈ ಸಲ ಉತ್ತರ ಕೊಟ್ಟದ್ದು ಅರ್ಧ ಬಸ್ಸು. ಚಿಕ್ಕಪ್ಪನಿಗೆ ಅಷ್ಟಕ್ಕೂ ತೃಪ್ತಿಯಿಲ್ಲ. ಎದ್ದು ಹೋಗಿ ಎಮರ್ಜೆನ್ಸಿ ಕಿಟಕಿಯ ಹಿಡಿಕೆಗೆ ಕೈ ಹಾಕಿ, "ಇದನ್ನ ಹೆಂಗೆ ತೆಗೀಬೇಕು?" ಎಂದರು. ಕಂಡಕ್ಟರ್ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದು ಹಿಡಿಕೆಗೆ ಬೆನ್ನು ಕೊಟ್ಟು ನಿಂತ. ಶಿಡ್ಲಘಟ್ಟ ಬರುವ ತನಕ ಅಲ್ಲಿಂದ ಅಲ್ಲಾಡಲಿಲ್ಲ. ಟಿಕೆಟ್ ಬೇಕಾದವರು ಅವನಿದ್ದಲ್ಲಿಗೇ ಬಂದು ತೆಗೆದುಕೊಂಡು ಹೋದರು.

ಇಳಿಯುವಾಗ ಆ ಟೊಮೆಟೊ ಹೆಂಗಸು ನನ್ನ ಹೆಗಲು ತಟ್ಟಿ, "ಓದ್ದೋಳಂಗೆ ಕಾಣ್ತೀಯ. ಪಾಪ, ಮುದುಕಪ್ಪಂಗೆ ನಾಕು ಅಕ್ಷರ ಹೇಳ್ಕೊಡಬಾರ್ದಾ?" ಎಂದಳು. ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ?

ಇದು ಬಸ್ಸಿನ ಕಥೆಯಾಯಿತು. ನಮ್ಮದೇ ಕಾರಿನಲ್ಲಿ ಹೋದರೆ ಬಚಾವು ಎಂದು ನನ್ನ ಯಜಮಾನರಿಗೆ ದುಂಬಾಲು ಬಿದ್ದು ಒಂದು ಭಾನುವಾರ ಕಾರು ಹೊರಡಿಸಿದೆ. ಮನುಷ್ಯ ಕಾರಿನಲ್ಲೂ ಬಿಡಬೇಕಲ್ಲ! "ಅಳಿಯಂದ್ರೇ, ಈ ಸೀಟ್ ಬೆಲ್ಟು ಎಲ್ಲಿ ಸಿಗಿಸ್ಬೇಕು? ಟಿಕ್ ಟಿಕ್ ಅಂತೈತಲ್ಲ, ಅದೇನಾ ಇಂಡಿಕೇಟರು? ಡೋರ್ ಲಾಕ್ ಆದ್ರೆ ತೆಗೆಯೋದು ಹೆಂಗೆ?" ನನ್ನ ಯಜಮಾನರು ಸಾಧು ಪ್ರಾಣಿ. ಹೇಳಿದ್ದನ್ನೇ ಹೇಳಿ, ತೋರಿಸಿದ್ದನ್ನೇ ತೋರಿಸಿದರು. ಮಂಚೇನಹಳ್ಳಿ ದಾಟುವಷ್ಟರಲ್ಲಿ ಅವರ ಗಂಟಲು ಒಣಗಿತ್ತು. ಆ ರಾತ್ರಿ ನನಗೆ ಮೆಲ್ಲಗೆ ಹೇಳಿದರು: "ನಾನು ಡ್ರೈವಿಂಗ್ ಕಲಿತಿದ್ದು ನಿಮ್ಮ ಚಿಕ್ಕಪ್ಪ ಮಾರಿಬಿಟ್ರಲ್ಲ, ಆ ಹಳೇ ಕಾರಲ್ಲೇ. ಇಂಡಿಕೇಟರ್ ಹಾಕೋದು ಹೇಳಿಕೊಟ್ಟೋರೂ ಅವರೇ."

ಆದರೆ ಒಂದು ಮಾತು. ಆ ದಿನ ಕಾರು ನಿಂತಾಗ ಚಿಕ್ಕಮ್ಮ ಯಾರಾದರೂ ತೆಗೆಯಲೆಂದು ಕಾಯದೆ, ತಾವೇ ಬೆಲ್ಟು ಬಿಚ್ಚಿ, ತಾವೇ ಬಾಗಿಲು ತೆಗೆದು ಇಳಿದು ಅಕ್ಕನ ಮನೆಯೊಳಗೆ ಹೋದರು. ನಾನು ನೋಡಿದೆ. ನೋಡಿದ್ದನ್ನು ಯೋಚಿಸಲಿಲ್ಲ.

ಪರಮಾವಧಿ ರೈಲಿನದು. ಚಿಂತಾಮಣಿಯಿಂದ ಗೌರಿಬಿದನೂರಿಗೆ ರೈಲಿನಲ್ಲಿ ಹೋಗಬೇಕೆಂದರೆ ಯಲಹಂಕದವರೆಗೆ ಹೋಗಿ, ಅಲ್ಲಿ ರೈಲು ಬದಲಿಸಿ ಹಿಂದೂಪುರದ ಕಡೆಗೆ ಹೊರಡುವ ಗಾಡಿ ಹತ್ತಬೇಕು. ಸುತ್ತಿ ಬಳಸಿ ಮೂಗು ಹಿಡಿಯುವುದೆಂದರೆ ಇದೇ! "ಬಸ್ಸಿದೆಯಲ್ಲ ಚಿಕ್ಕಪ್ಪ" ಎಂದೆ. "ಬಸ್ಸಲ್ಲಿ ಜಂಕ್ಷನ್ ಸಿಗಲ್ಲ ಕಣಮ್ಮ" ಎಂದರು. ಜಂಕ್ಷನ್ ಏನು ಹೋಳಿಗೆಯೇ, ಸಿಗಲೇಬೇಕು ಎನ್ನುವುದಕ್ಕೆ?

ಯಲಹಂಕದಲ್ಲಿ ಗಾಡಿ ಹತ್ತಿ ಕೂತೆವು. ಚಿಕ್ಕಮ್ಮ ಸೆರಗು ಹೊದ್ದರು. ನಾನು ಎದುರು ಸೀಟಿನ ಕಡೆ ಒಮ್ಮೆ ನೋಡಿದೆ. ಕೂತಿದ್ದವರು ನಮ್ಮ ಕಾಲೇಜಿನ ಪ್ರಿನ್ಸಿಪಾಲರು! ಅವರ ಊರು ಗೌರಿಬಿದನೂರು ಎಂಬುದು ನನಗೆ ಮರೆತೇ ಹೋಗಿತ್ತು. ಅವರು ಪೇಪರಿನಲ್ಲಿ ಮುಳುಗಿದ್ದರು. ನಾನು ಮೊಬೈಲನ್ನು ಮುಖಕ್ಕೆ ಅಂಟಿಸಿಕೊಂಡು, ಇರುವ ದೇವರನ್ನೆಲ್ಲ ನೆನೆದೆ. ಚಿಕ್ಕಪ್ಪ ಅವರ ಪೇಪರನ್ನು ಬೆರಳಿನಿಂದ ಕೆಳಗೆ ಸರಿಸಿದರು.

"ಸಾರ್, ಅಪ್ ಟ್ರೇನು, ಡೌನ್ ಟ್ರೇನು ಅಂತಾರಲ್ಲ, ನಾವು ಈಗ ಯಾವುದ್ರಲ್ಲಿದೀವಿ?"

ಪ್ರಿನ್ಸಿಪಾಲರು ಮೇಷ್ಟ್ರಲ್ಲವೇ, ಪ್ರಶ್ನೆ ಕೇಳುವವರು ಸಿಕ್ಕರೆ ಬಿಟ್ಟಾರೆಯೇ? ಪೇಪರು ಮಡಚಿಟ್ಟು ವಿವರಿಸಿದರು. ಜಂಕ್ಷನ್ ಎಂದರೇನು, ಅರೈವಲ್ ಎಂದರೇನು, ಡಿಪಾರ್ಚರ್ ಎಂದರೇನು, ಪ್ಲಾಟ್‌ಫಾರಂ ಬದಲಾದರೆ ಎನ್‌ಕ್ವೈರಿಯಲ್ಲಿ ಹೇಗೆ ಕೇಳಬೇಕು... ಚಿಕ್ಕಪ್ಪ ಪ್ರತಿಯೊಂದನ್ನೂ ಪಾಠದ ಹುಡುಗನಂತೆ ತಿರುಗಿ ಒಪ್ಪಿಸಿದರು. ದೊಡ್ಡಬಳ್ಳಾಪುರ ದಾಟಿತು, ತೊಂಡೇಬಾವಿ ದಾಟಿತು. ಕೊನೆಗೆ ಪ್ರಿನ್ಸಿಪಾಲರು ಸಂತೋಷದಿಂದ, "ಈ ವಯಸ್ಸಿನಲ್ಲೂ ಕಲಿಯೋ ಆಸೆ ಇದೆಯಲ್ಲ ನಿಮಗೆ, ಮೆಚ್ಚಬೇಕು. ಮನೇಲಿ ಓದಿದವರು ಯಾರೂ ಇಲ್ವಾ?" ಎಂದರು.

"ಯಾಕಿಲ್ಲ ಸಾರ್! ಇಗೋ, ಮೊಬೈಲ್ ಹಿಂದೆ ಅವಿತ್ಕೊಂಡಿದಾಳಲ್ಲ, ನಮ್ಮಣ್ಣನ ಮಗಳು. ಚಿಕ್ಕಬಳ್ಳಾಪುರದಾಗೆ ಇಂಗ್ಲಿಷ್ ಲೆಕ್ಚರರ್ರು!"

ಪ್ರಿನ್ಸಿಪಾಲರು ಬಗ್ಗಿ ಮೊಬೈಲಿನ ಕೆಳಗಿನಿಂದ ನನ್ನ ಮುಖ ನೋಡಿದರು. "ಓಹೋ, ಮೇಡಂ, ನೀವಾ!" ಎಂದರು. ಆ ಗಾಡಿಯಲ್ಲಿ ಎಮರ್ಜೆನ್ಸಿ ಕಿಟಕಿ ಎಲ್ಲಿದೆ ಎಂದು ನಾನು ಅವತ್ತು ನಿಜವಾಗಿ ಹುಡುಕಿದೆ! ಸೋಮವಾರ ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು, "ಮೇಡಂ, ಹೊರಗಿನ ಮಕ್ಕಳಿಗೆ ಹೇಳೋದಿದ್ದೇ ಇದೆ, ಮನೆ ಹಿರಿಯರಿಗೂ ವಾರಕ್ಕೊಂದು ಪೀರಿಯಡ್ ಇಟ್ಕೊಳ್ಳಿ" ಎಂದರು. ಎಲ್ಲರೂ ನಕ್ಕರು. ನಾನೂ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕೆ. ನಕ್ಕು ಮನೆಗೆ ಬಂದು ಅತ್ತೆ.

ಮುಂದಿನ ಸಲ ಚಿಕ್ಕಪ್ಪ ಬಂದಾಗ ಕೇಳಿಯೇಬಿಟ್ಟೆ. ಚಿಕ್ಕಮ್ಮ ಒಳಗೆ ಅವರೆಕಾಳು ಹಿದುಕುತ್ತಿದ್ದರು.

"ಚಿಕ್ಕಪ್ಪ, ನಿಮಗೆ ಇಂಗ್ಲಿಷ್ ಬರುತ್ತೆ. ನನಗಿಂತ ಚೆನ್ನಾಗಿ ಬರುತ್ತೆ. ಯಾಕೆ ಹೀಗೆ ಜನರ ಮುಂದೆ ಏನೂ ಗೊತ್ತಿಲ್ದೋರ ಥರ ಆಡ್ತೀರ? ನನಗೆ ತಲೆ ಎತ್ತಿ ಓಡಾಡೋಕಾಗ್ತಿಲ್ಲ."

ಅವರು ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಸುಮ್ಮನೆ ಸುರಿಯುತ್ತಾ ಕೂತರು. ಆಮೇಲೆ ದನಿ ತಗ್ಗಿಸಿದರು. ಅವರಿಗೆ ದನಿ ತಗ್ಗಿಸಲು ಬರುತ್ತದೆಂದು ನನಗೆ ಗೊತ್ತಾದದ್ದೇ ಅವತ್ತು!

"ಗೊತ್ತಿಲ್ದೋರು ಕೇಳೋಕೆ ನಾಚ್ಕೋತಾರೆ ಕಣಮ್ಮ. ಗೊತ್ತಿರೋರು ಕೇಳಿದ್ರೆ ಏನು ಹೋಗುತ್ತೆ?"

ಇದೆಂಥ ವೇದಾಂತ! ತಿರುಪು ಪೂರ್ತಿ ಬಿದ್ದೇ ಹೋಗಿದೆ ಎಂದುಕೊಂಡೆ. ಅವರು ಹೊರಡುವ ದಿನಕ್ಕೆಲ್ಲ ನನಗೆ ಎಲ್ಲಿಲ್ಲದ ಪರೀಕ್ಷೆ ಡ್ಯೂಟಿ ಬರತೊಡಗಿತು. ಇಬ್ಬರೇ ಹೋಗಿ ಬಂದು ಮಾಡುತ್ತಿದ್ದರು.

ಹೀಗಿರುವಾಗ ಚಿಕ್ಕಪ್ಪನ ಒಂದು ಕಣ್ಣಿಗೆ ಪೊರೆ ಬಂತು. ಚಿಕ್ಕಬಳ್ಳಾಪುರದ ಕಣ್ಣಿನ ಆಸ್ಪತ್ರೆಯಲ್ಲಿ ಆಪರೇಷನ್ ಎಂದು ಗೊತ್ತಾಯಿತು. ಚಿಂತಾಮಣಿಯ ಮನೆಯಲ್ಲಿ ಹಸು ಇವತ್ತೋ ನಾಳೆಯೋ ಕರು ಹಾಕುವಂತಿತ್ತು. ಚಿಕ್ಕಮ್ಮ ಬಿಟ್ಟು ಬರುವ ಹಾಗಿಲ್ಲ. ಚಿಕ್ಕಪ್ಪನನ್ನು ನಾನೇ ಕರೆತಂದೆ. ಭಾನುವಾರ ನಮ್ಮ ಯಜಮಾನರು ಕಾರಿನಲ್ಲಿ ಹೋಗಿ ಚಿಕ್ಕಮ್ಮನನ್ನು ಕರೆದುಕೊಂಡು ಬರುವುದೆಂದು ಮಾತಾಯಿತು.

ಆಪರೇಷನ್ ಸುಸೂತ್ರವಾಯಿತು. ಮಾರನೆಯ ಬೆಳಿಗ್ಗೆ ಪಟ್ಟಿ ಬಿಚ್ಚಿ ನೋಡಲು ಬರಹೇಳಿದ್ದರು. ಹೊರಡುವ ಮೊದಲು ಚಿಕ್ಕಮ್ಮನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಪಕ್ಕದ ಮನೆಗೆ ಮಾಡಿದೆ. "ಕರು ಆಯ್ತು, ಹೆಣ್ಣು. ಹಸೂನ ನಮ್ಗೆ ಒಪ್ಪಿಸಿ ಬೆಳಿಗ್ಗೇನೇ ಎಲ್ಲೋ ಹೊರಟ್ರಲ್ಲ" ಎಂದರು. ಎಲ್ಲಿಗೆ? ಯಾರ ಜೊತೆ? ಅವರಿಗೆ ತಿಳಿಯದು.

ಆಸ್ಪತ್ರೆಯ ಬೆಂಚಿನ ಮೇಲೆ ಚಿಕ್ಕಪ್ಪನ ಕೈಕಾಲು ನಿಲ್ಲಲಿಲ್ಲ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣು ಬಾಗಿಲ ಕಡೆ. "ಒಬ್ಳೇ ಬಂದ್ಬಿಟ್ಳೇನಮ್ಮ? ಎಲ್ಲಿ ಇಳಿದ್ಳೋ, ಎಲ್ಲಿ ನಿಂತವ್ಳೋ. ಬಸ್‌ಸ್ಟ್ಯಾಂಡಿಗೆ ಹೋಗಣ ನಡಿ" ಎಂದು ಏಳುತ್ತಾರೆ, ನರ್ಸಮ್ಮ ಗದರಿ ಕೂರಿಸುತ್ತಾಳೆ. "ತಾತ, ತಲೆ ಅಲ್ಲಾಡಿಸ್ಬೇಡಿ. ಕಣ್ಣಲ್ಲಿ ನೀರು ತಂದ್ಕೋಬೇಡಿ. ಪಟ್ಟಿ ಬಿಚ್ಚಿದ್ಮೇಲೆ ಡ್ರಾಪ್ಸ್ ಹಾಕ್ತೀನಿ." ಆ ದೊಡ್ಡ ಬಸ್‌ಸ್ಟ್ಯಾಂಡಿನ ಗೇಟು, ತಾಂಬೂಲದ ಚೀಲ ಹಿಡಿದು ನಿಂತ ಚಿಕ್ಕಮ್ಮ ನನ್ನ ಕಣ್ಣ ಮುಂದೆಯೂ ಬಂದರು. ಎಲೆಯ ಮುಂದೆ ಕೂತು ನಾನೂ ನಕ್ಕಿದ್ದೆನಲ್ಲ!

ಆಗ ಗೇಟಿನ ಕಡೆಯಿಂದ ಒಂದು ದನಿ ಕೇಳಿಸಿತು. ಇಡೀ ಆಸ್ಪತ್ರೆಗೆ ಕೇಳುವಂಥ ದನಿ.

"ಏನಪ್ಪಾ, ಇಲ್ಲಿ ಎಂಟ್ರಿ ಯಾವ್ದು, ಎಕ್ಸಿಟ್ ಯಾವ್ದು? ಗಟ್ಟಿಯಾಗಿ ಹೇಳು!"

ಬೆಂಚಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಅಭ್ಯಾಸಬಲ ನೋಡಿ, ನನ್ನ ಕೈ ತಾನಾಗಿ ಮೊಬೈಲಿಗೆ ಹೋಯಿತು! ಕಾವಲಿನವನು, "ಇದೇ ಎಂಟ್ರಿ, ಬನ್ನಿ ಬನ್ನಿ" ಎಂದ. ಚಿಕ್ಕಮ್ಮ ಎಂಟ್ರಿಯಿಂದಲೇ ಒಳಗೆ ಬಂದರು. ಬೆವರಿದ ಹಣೆ, ಕೈಯಲ್ಲಿ ಗಿಣ್ಣದ ಡಬ್ಬಿ, ಹೆಗಲ ಮೇಲೆ ಕೆಂಪಂಚಿನ ಟವೆಲು.

ಚಿಕ್ಕಪ್ಪ ಒಂಟಿ ಕಣ್ಣನ್ನು ಅಗಲಿಸಿ ಬೆಂಚಿನ ತುದಿಗೆ ಸರಿದರು.

"ಯಾರ ಜೊತೆ ಬಂದೆ?" ಎಂದರು.

"ಯಾರ ಜೊತೆ ಬರ್ಲಿ? ಬಸ್ಸು ಬಂತು, ಟವೆಲ್ ಎಸ್ದೆ, ವಿಂಡೋ ಸೀಟು ಸಿಗ್ತು. ಶಿಡ್ಲಘಟ್ಟದಾಗೆ ಬಸ್ಸು ಕೆಟ್ಟು ನಿಂತ್ಕೊಂತು. ಎನ್‌ಕ್ವೈರಿಗೆ ಹೋಗಿ, ಚಿಕ್ಕಬಳ್ಳಾಪುರಕ್ಕೆ ಡಿಪಾರ್ಚರ್ ಯಾವಾಗಪ್ಪಾ ಅಂತ ಕೇಳ್ದೆ. ಪ್ಲಾಟ್‌ಫಾರಂ ತೋರ್ಸಿದ್ರು. ಇಲ್ಲಿ ಷೇರ್ ಆಟೋದವ್ನು ಮುಂದಕ್ಕೆ ಹೊರಟಿದ್ದ, ಡ್ರಾಪ್ ಇಲ್ಲೇ ಅಂದೆ, ನಿಲ್ಲಿಸ್ದ."

"ಅಷ್ಟು ಜನರ ಮುಂದೆ ಕೇಳಿದ್ಯಾ? ನಾಚ್ಕೆ ಆಗ್ಲಿಲ್ವಾ?"

"ಆಯ್ತು. ಶ್ಯಾನೆ ಆಯ್ತು. ಒಂದು ಹುಡ್ಗಿ ನಕ್ಕೂ ನಕ್ಕಳು." ಚಿಕ್ಕಮ್ಮ ಸೆರಗಿನಿಂದ ಹಣೆ ಒರೆಸಿಕೊಂಡರು. "ಇಷ್ಟು ವರ್ಷ ನೀವು ನಗಿಸ್ಕೊಂಡಿದೀರಲ್ಲ, ಅದ್ಕಿಂತ ಹೆಚ್ಚಾ ಅಂದ್ಕೊಂಡು ಇನ್ನೊಂದ್ಸಲ ಕೇಳ್ದೆ."

ಚಿಕ್ಕಪ್ಪ ಬೆಪ್ಪಾದರು. "ನೀನು ಬಸ್ಸಲ್ಲಿ ನಿದ್ದೆ ಮಾಡ್ತಿದ್ಯಲ್ಲೇ!"

"ನೀವು ಆಪಾಟಿ ಅರಚ್ಕೊಂಡ್ರೆ ಸತ್ತೋರಿಗೂ ಎಚ್ಚರ ಆಗುತ್ತೆ. ನಂಗೆ ನಿದ್ದೆಯಾ?" ಎಂದು ಚಿಕ್ಕಮ್ಮ ನನ್ನ ಕಡೆ ತಿರುಗಿದರು. "ಎದುರಿಗೆ ಕೂರಿಸ್ಕೊಂಡು ಹೇಳಿದ್ರೆ ನಾನು ಕಲೀತಿರ್ಲಿಲ್ಲ, ಅದು ಈಯಪ್ಪಂಗೆ ಗೊತ್ತು. ಅದ್ಕೇ ತಾನು ದಡ್ಡ ಆದ್ರು. ನನ್ಗೂ ಗೊತ್ತಾಗೈತೆ ಅಂತ ತೋರಿಸ್ಕೊಂಡ್ರೆ ನಿಲ್ಲಿಸ್ಬಿಡ್ತಾರೆ ಅಂತ ನಾನು ಸೆರಗು ಹೊದ್ಕೊಂಡೆ. ನೀನು ಇಂಗ್ಲಿಷ್ ಮೇಡಮ್ಮು, ನಿಂಗಿದು ತಿಳೀಲಿಲ್ವೇನಮ್ಮಾ?"

ನನಗೆ ತಿಳಿದಿರಲಿಲ್ಲ. ಟೊಮೆಟೊ ಕ್ರೇಟುಗಳ ನಡುವೆ, ಪ್ರಿನ್ಸಿಪಾಲರ ಪೇಪರಿನ ಎದುರು, ನಮ್ಮ ಕಾರಿನ ಮುಂದಿನ ಸೀಟಿನಲ್ಲಿ, ಹೆಂಡತಿಯ ಪಾಲಿಗೆ ಬರಬೇಕಾದ ನಗುವನ್ನೆಲ್ಲ ಆ ಮನುಷ್ಯ ತನ್ನ ಮೇಲೆ ಹಾಕಿಕೊಳ್ಳುತ್ತಿದ್ದರು. ನಾನು ಅವರ ಪಕ್ಕದಲ್ಲೇ ಕೂತು ನನ್ನ ಮಾನದ ಲೆಕ್ಕ ಹಾಕುತ್ತಿದ್ದೆ. ಜೀವನದಲ್ಲಿ ಅವರಿಂದಾಗಿ ಎಷ್ಟೋ ಸಲ ನಾಚಿದ್ದೇನೆ. ಆ ಬೆಂಚಿನ ಮೇಲೆ ನಾಚಿದಷ್ಟು ಎಂದೂ ನಾಚಿಲ್ಲ.

"ಶನಿವಾರ ಅಕ್ಕನ ಊರಿಗೆ ಹೋಗ್ತೀನಿ. ಇಲ್ಲಿಂದ್ಲೇ, ಒಬ್ಳೇ" ಎಂದು ಚಿಕ್ಕಮ್ಮ ಗಿಣ್ಣದ ಡಬ್ಬಿಯನ್ನು ನನ್ನ ಕೈಗಿತ್ತು ಗಂಡನ ಪಕ್ಕ ಕೂತರು. ಆಮೇಲೆ ಏನೋ ನೆನಪಾದವರಂತೆ, "ಟವೆಲ್ ಎಸ್ದೆ ಅಂದ್ನಲ್ಲ, ಅಭ್ಯಾಸದ ಮೇಲೆ ಎರಡು ಸೀಟು ಹಿಡ್ದಿದ್ದೆ. ಪಕ್ಕದ್ದು ಯಾರಿಗಮ್ಮಾ ಅಂತ ಕೇಳಿದ್ರು. ನಮ್ಮೆಜಮಾನ್ರಿಗೆ ಅಂದ್ಬಿಟ್ಟೆ. ಬಸ್ಸು ಹೊರಟ ಮೇಲೆ ನೆಪ್ಪಾಯ್ತು, ನೀವಿಲ್ಲ ಅಂತ" ಎಂದರು.

ಚಿಕ್ಕಪ್ಪ ಮುಖ ಗೋಡೆಯ ಕಡೆ ತಿರುಗಿಸಿದರು. ಪಟ್ಟಿಯ ಅಂಚಿನಿಂದ ಒಂದು ಗೆರೆ ಕೆನ್ನೆಗಿಳಿಯಿತು. ಅದೇ ಹೊತ್ತಿಗೆ ನರ್ಸಮ್ಮ ಬಂದಳು.

"ಏನ್ ತಾತ ಇದು! ಕಣ್ಣಲ್ಲಿ ನೀರು ಬರಬಾರದು ಅಂತ ಎಷ್ಟು ಸಲ ಹೇಳ್ಬೇಕು?"

"ನೀರಲ್ಲಮ್ಮ," ಎಂದರು ಚಿಕ್ಕಪ್ಪ, ಗೋಡೆಯ ಕಡೆಗೇ ನೋಡುತ್ತಾ. "ನೀನು ಹಾಕಿದ ಡ್ರಾಪ್ಸು ಸ್ವಲ್ಪ ಜಾಸ್ತಿ ಆಯ್ತು."

"ನಾನಿನ್ನೂ ಹಾಕೇ ಇಲ್ವಲ್ಲ!" ಎಂದಳು ನರ್ಸಮ್ಮ.

ಚಿಕ್ಕಮ್ಮ ಹೆಗಲ ಮೇಲಿನ ಟವೆಲು ತೆಗೆದು ಆ ಕೆನ್ನೆಯನ್ನು ಮೆಲ್ಲಗೆ ಒರೆಸಿದರು.